ಮೈಗ್ರೇನ್ ಮಾತ್ರೆ: ಯಾವಾಗ, ಎಷ್ಟು, ತಿಂಗಳಿಗೆ ಎಷ್ಟು ದಿನ

ಬೆಂಗಳೂರಿನ ಯಾವ ಬಡಾವಣೆಯ ಮೆಡಿಕಲ್ ಶಾಪಿನ ಮುಂದಾದರೂ ಸಂಜೆ ಏಳರ ಹೊತ್ತಿಗೆ ಹತ್ತು ನಿಮಿಷ ನಿಂತು ನೋಡಿ, "ತಲೆನೋವಿಗೆ ಎರಡು ಮಾತ್ರೆ ಕೊಡಿ" ಎಂದು ಕೇಳುವವರು ಒಬ್ಬರಾದರೂ ಬರುತ್ತಾರೆ. ಅಂಗಡಿಯವರು ಹತ್ತರ ಸ್ಟ್ರಿಪ್‌ನಿಂದ ಎರಡನ್ನು ಕತ್ತರಿಸಿ ಪುಟ್ಟ ಕಾಗದದ ಕವರಿಗೆ ಹಾಕಿ ಕೊಡುತ್ತಾರೆ. ಮನೆಗೆ ಬಂದು ಹಿಂದುಮುಂದು ಮಾಡಿ ನೋಡಿದರೆ ಆ ತುಂಡಿನ ಬೆನ್ನ ಮೇಲೆ ಔಷಧದ ಹೆಸರಿನ ಕೊನೆಯ ಮೂರು ಅಕ್ಷರಗಳಷ್ಟೇ ಉಳಿದಿರುತ್ತವೆ; ಅವಧಿ ಮುಗಿಯುವ ತಿಂಗಳು ಅಂಗಡಿಯಲ್ಲಿ ಉಳಿದ ತುಂಡಿನ ಮೇಲಿರುತ್ತದೆ.

ನಾನೂ ಹಲವು ವರ್ಷ ಹೀಗೆ ಹೆಸರಿಲ್ಲದ ತುಂಡುಗಳನ್ನು ನುಂಗಿದವಳು. ನಿಮ್ಹಾನ್ಸ್‌ನ ತಜ್ಞರು ಬೆಂಗಳೂರು ನಗರದಲ್ಲೂ ಸುತ್ತಲಿನ ಹಳ್ಳಿಗಳಲ್ಲೂ ಮನೆಮನೆಗೆ ಹೋಗಿ ನಡೆಸಿ 2015ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ, 18ರಿಂದ 65 ವರ್ಷದವರಲ್ಲಿ ಶೇ. 25.2ರಷ್ಟು ಜನರಿಗೆ ಹಿಂದಿನ ಒಂದು ವರ್ಷದೊಳಗೆ ಮೈಗ್ರೇನ್ ಬಂದಿತ್ತು. ನಾಲ್ವರಲ್ಲಿ ಒಬ್ಬರನ್ನು ಕಾಡುವ ಕಾಯಿಲೆಯಾದರೂ, ಅದರ ಮಾತ್ರೆಯನ್ನು ಯಾವ ಹೊತ್ತಿನಲ್ಲಿ, ಎಷ್ಟು ದಿನ ತೆಗೆದುಕೊಳ್ಳಬೇಕೆಂದು ಕೂರಿಸಿಕೊಂಡು ಹೇಳುವ ಪುರುಸೊತ್ತು ಯಾರಿಗೂ ಇರುವುದಿಲ್ಲ. ಅದನ್ನೇ ಇಲ್ಲಿ ಬರೆದಿದ್ದೇನೆ. ಇದು ವೈದ್ಯರ ಚೀಟಿಗೆ ಬದಲಿಯಲ್ಲ. ಇಲ್ಲಿ ಬರುವ ಮಿಲಿಗ್ರಾಂಗಳು ವಯಸ್ಕರಿಗೆ ರೂಢಿಯಲ್ಲಿ ಕೊಡುವ ಪ್ರಮಾಣಗಳು. ನಿಮ್ಮ ಪ್ರಮಾಣವನ್ನು ನಿರ್ಧರಿಸಬೇಕಾದವರು ನಿಮ್ಮನ್ನು ಪರೀಕ್ಷಿಸಿದ ವೈದ್ಯರೇ.

ನೋವು ಮೈಗ್ರೇನೇ ಹೌದೆ?

ಅರೆತಲೆನೋವು ಎಂಬ ಹೆಸರಿದ್ದರೂ ಮೈಗ್ರೇನ್ ಯಾವಾಗಲೂ ಅರ್ಧ ತಲೆಗೆ ಸೀಮಿತವಾಗಿರುವುದಿಲ್ಲ. ಔಷಧ ತೆಗೆದುಕೊಳ್ಳದಿದ್ದರೆ 4ರಿಂದ 72 ಗಂಟೆ ಕಾಲ ಇರುವ, ನಾಡಿಯಂತೆ ಮಿಡಿಯುವ, ಮೆಟ್ಟಿಲು ಹತ್ತಿದರೆ ಹೆಚ್ಚಾಗುವ, ಜೊತೆಗೆ ವಾಕರಿಕೆ ತರುವ ಅಥವಾ ಬೆಳಕು ಮತ್ತು ಸದ್ದು ಎರಡೂ ಸಹಿಸಲಾಗದಂತೆ ಮಾಡುವ ನೋವು ಪದೇ ಪದೇ ಬರುತ್ತಿದ್ದರೆ ಅದು ಬಹುಮಟ್ಟಿಗೆ ಮೈಗ್ರೇನ್. ಕೆಲವರಿಗೆ ನೋವಿಗೆ ಮುಂಚೆ 5ರಿಂದ 60 ನಿಮಿಷ ಕಣ್ಣ ಮುಂದೆ ಅಂಕುಡೊಂಕಿನ ಮಿನುಗು ಗೆರೆಗಳು ಕಾಣುತ್ತವೆ, ಇಲ್ಲವೇ ಕೈಯಿಂದ ತುಟಿಯವರೆಗೆ ಜೋಮು ಹರಿಯುತ್ತದೆ. ಇದಕ್ಕೆ ಆರಾ ಎನ್ನುತ್ತಾರೆ. ನಿಮಗೆ ಆರಾ ಬರುವುದಿದ್ದರೆ ವೈದ್ಯರಿಗೆ ಮರೆಯದೆ ತಿಳಿಸಬೇಕು. ಆರಾ ಇರುವ ಮಹಿಳೆಯರು ಈಸ್ಟ್ರೊಜೆನ್ ಇರುವ ಗರ್ಭನಿರೋಧಕ ಮಾತ್ರೆ ತೆಗೆದುಕೊಂಡರೆ ಪಾರ್ಶ್ವವಾಯುವಿನ ಅಪಾಯ ಹೆಚ್ಚುತ್ತದೆ.

ಮಾತ್ರೆಯ ಡಬ್ಬಿಗೆ ಕೈ ಹಾಕದೆ ನೇರವಾಗಿ ಆಸ್ಪತ್ರೆಗೆ ಹೋಗಬೇಕಾದ ತಲೆನೋವುಗಳೂ ಇವೆ. ಒಂದೇ ನಿಮಿಷದೊಳಗೆ ಸಿಡಿಲಿನಂತೆ ತಾರಕಕ್ಕೇರಿದ ನೋವು, ಕೈಕಾಲಿನ ಶಕ್ತಿ ಕುಂದುವುದು, ಮಾತು ತೊದಲುವುದು, ಮೂರ್ಛೆ, ಕತ್ತು ಬಿಗಿದು ಜ್ವರ ಬರುವುದು, ತಲೆಗೆ ಪೆಟ್ಟಾದ ಮೇಲಿನ ನೋವು, 50 ದಾಟಿದವರಿಗೆ ಹೊಸದಾಗಿ ಶುರುವಾದ ನೋವು ಇವೆಲ್ಲ ಆ ಬಗೆಯವು. ಬಸುರಿಯರು ಮತ್ತು ಬಾಣಂತಿಯರ ಹೊಸ ತಲೆನೋವನ್ನಂತೂ "ಗಾಳಿ ಹೊಡೆದಿದೆ" ಎಂದು ಸ್ಕಾರ್ಫ್ ಕಟ್ಟಿ ಮಲಗಿಸಬಾರದು, ಏಕೆಂದರೆ ಹೆರಿಗೆಯಾದ ವಾರಗಳಲ್ಲಿ ಮಿದುಳಿನ ಅಭಿಧಮನಿಗಳಲ್ಲಿ ರಕ್ತ ಹೆಪ್ಪುಗಟ್ಟುವ ಸಾಧ್ಯತೆ ಇರುತ್ತದೆ. ಇಂಥ ಹೊತ್ತಿನಲ್ಲಿ 108ಕ್ಕೆ ಕರೆ ಮಾಡಿ.

ನಮ್ಮ ಊರಿಗೆ ವಿಶೇಷವಾಗಿ ಅನ್ವಯಿಸುವ ಇನ್ನೊಂದು ಎಚ್ಚರಿಕೆ ಇದೆ. ಮಳೆಗಾಲದ ತಿಂಗಳುಗಳಲ್ಲಿ ಜ್ವರದೊಂದಿಗೆ ಕಣ್ಣಿನ ಹಿಂಭಾಗ ಸಿಡಿಯುವ ನೋವು ಬಂದರೆ ಅದು ಡೆಂಗಿ ಇರಬಹುದು. ಡೆಂಗಿಯಲ್ಲಿ ನಾಪ್ರೊಕ್ಸೆನ್, ಐಬುಪ್ರೊಫೆನ್, ಆಸ್ಪಿರಿನ್‌ಗಳು ರಕ್ತಸ್ರಾವದ ಅಪಾಯವನ್ನು ಹೆಚ್ಚಿಸುತ್ತವೆ. ಆದ್ದರಿಂದ ಮೈ ಬಿಸಿಯಾಗಿರುವಾಗ ಹಳೆಯ ಮೈಗ್ರೇನ್ ಚೀಟಿಯ ನಾಪ್ರೊಕ್ಸೆನ್ ನುಂಗಬೇಡಿ. ರಕ್ತಪರೀಕ್ಷೆಯಾಗುವವರೆಗೆ ಪ್ಯಾರಸಿಟಮಾಲ್ ಒಂದೇ ಸಾಕು.

ವೈದ್ಯರ ಬಳಿ ಹೋಗುವ ಮುನ್ನ

ಮೈಗ್ರೇನ್‌ಗೆ ಮೊದಲ ದಿನವೇ ಹೊಸೂರು ರಸ್ತೆಯ ನಿಮ್ಹಾನ್ಸ್‌ಗೆ ಹೋಗಿ ಸರದಿಯಲ್ಲಿ ನಿಲ್ಲಬೇಕಾಗಿಲ್ಲ. ಮನೆಯ ಹತ್ತಿರದ ಎಂ.ಡಿ. ವೈದ್ಯರೂ ಇದಕ್ಕೆ ಔಷಧ ಬರೆಯಬಲ್ಲರು. ಎರಡು ಮೂರು ಬಗೆಯ ಔಷಧ ಸೋತರೆ ಅಥವಾ ನೋವಿನ ಸ್ವಭಾವವೇ ಬದಲಾದರೆ ನರರೋಗ ತಜ್ಞರ ಬಳಿ ಹೋಗಬೇಕು. ಯಾರ ಬಳಿ ಹೋದರೂ ಒಂದು ವಸ್ತು ಕೈಯಲ್ಲಿರಬೇಕು, ಅದು ಕ್ಯಾಲೆಂಡರ್.

ನನ್ನ ಅನುಭವದಲ್ಲಿ ಎಲ್ಲ ಮಾತ್ರೆಗಳಿಗಿಂತ ಹೆಚ್ಚು ಕೆಲಸ ಮಾಡಿದ್ದು ಅದೇ. ಅಡುಗೆಮನೆಯ ಗೋಡೆಗೆ ನೇತುಹಾಕಿ, ಹಾಲಿನ ಪ್ಯಾಕೆಟ್ಟು ಎಷ್ಟು ಬಂತೆಂದು ಗುರುತು ಹಾಕುತ್ತೇವಲ್ಲ, ಆ ಕ್ಯಾಲೆಂಡರೇ ಸಾಕು. ತಲೆನೋವು ಬಂದ ದಿನ ಚೌಕದ ಮೂಲೆಯಲ್ಲಿ 'ನೋ' ಎಂದು, ಮಾತ್ರೆ ನುಂಗಿದ ದಿನ 'ಮಾ' ಎಂದು ಬರೆಯಿರಿ. ಎರಡು ಮಾತ್ರೆ ನುಂಗಿದ್ದರೆ 'ಮಾ 2'. ಮುಟ್ಟಾದ ದಿನಕ್ಕೊಂದು ಚುಕ್ಕೆ. ರಾತ್ರಿ ಪಾಳಿ, ಏಕಾದಶಿಯ ಉಪವಾಸ, ಮಧ್ಯಾಹ್ನದ ಊಟ ತಪ್ಪಿದ್ದು ನೆನಪಿದ್ದರೆ ಒಂದು ಪದ ಬರೆದರಾಯಿತು, ಇಲ್ಲದಿದ್ದರೂ ಚಿಂತೆಯಿಲ್ಲ. ತಲೆಗೆ ನೀರು ಹಾಕಿಕೊಂಡ ದಿನವನ್ನು ಮಾತ್ರ ಗುರುತಿಸಿ. ಅಭ್ಯಂಜನ ಮಾಡಿ ಒದ್ದೆ ಕೂದಲಲ್ಲಿ ಓಡಾಡಿದರೆ ತಲೆನೋವು ಬರುತ್ತದೆ ಎಂದು ಅಜ್ಜಿಯರು ಹೇಳುವುದು ಬರೀ ನಂಬಿಕೆಯಲ್ಲ. ತಲೆಸ್ನಾನದಿಂದ ಮೈಗ್ರೇನ್ ಕೆರಳಿದ 94 ಭಾರತೀಯ ರೋಗಿಗಳ ಬಗ್ಗೆ ಮುಂಬಯಿಯ ತಜ್ಞರೊಬ್ಬರು ವೈದ್ಯಕೀಯ ಪತ್ರಿಕೆಯಲ್ಲಿ ವರದಿ ಮಾಡಿದ್ದಾರೆ.

ಇದರ ಜೊತೆಗೆ, ಕೇಳದಿದ್ದರೂ ವೈದ್ಯರಿಗೆ ಹೇಳಲೇಬೇಕಾದ ಕೆಲವು ಸಂಗತಿಗಳಿವೆ: ಆಸ್ತಮಾ, ರಕ್ತದೊತ್ತಡ, ಹೃದಯದ ತೊಂದರೆ, ಹೊಟ್ಟೆಯ ಹುಣ್ಣು, ಮೂತ್ರಪಿಂಡದ ಕಲ್ಲು, ಗರ್ಭಿಣಿಯಾಗಿರುವುದು ಅಥವಾ ಆಗುವ ಯೋಚನೆ, ಖಿನ್ನತೆಗೆ ತೆಗೆದುಕೊಳ್ಳುತ್ತಿರುವ ಮಾತ್ರೆ. ಕಷಾಯ, ಲೇಹ್ಯಗಳನ್ನೂ ಮುಚ್ಚಿಡಬಾರದು. ಮುಂದೆ ಬರೆಯುವ ಹೆಚ್ಚಿನ ಔಷಧಗಳು ಈ ಪಟ್ಟಿಯ ಯಾವುದಾದರೊಂದಕ್ಕೆ ಅಡ್ಡ ಬರುತ್ತವೆ.

ನೋವು ಬಂದಾಗ ನುಂಗುವ ಮಾತ್ರೆ

ಮೈಗ್ರೇನ್ ಚೀಟಿಯಲ್ಲಿ ಸಾಮಾನ್ಯವಾಗಿ ಎರಡು ಜಾತಿಯ ಔಷಧಗಳಿರುತ್ತವೆ. ಒಂದು ನೋವು ಬಂದಾಗ ಮಾತ್ರ ತೆಗೆದುಕೊಳ್ಳುವುದು. ಇನ್ನೊಂದು ನೋವಿರಲಿ ಬಿಡಲಿ ದಿನವೂ ತೆಗೆದುಕೊಳ್ಳುವುದು. ಇವೆರಡನ್ನು ಅದಲುಬದಲು ಮಾಡಿಕೊಂಡು, ದಿನದ ಮಾತ್ರೆಯನ್ನು ನೋವು ಬಂದಾಗ, ನೋವಿನ ಮಾತ್ರೆಯನ್ನು ದಿನವೂ ನುಂಗುವವರನ್ನು ನಮ್ಮ ನೆಂಟರಲ್ಲೇ ಕಂಡಿದ್ದೇನೆ. ಚೀಟಿ ಕೈಗೆ ಬಂದ ತಕ್ಷಣ ಪ್ರತಿ ಹೆಸರಿನ ಮುಂದೆ 'ನೋವಿಗೆ' ಅಥವಾ 'ದಿನವೂ' ಎಂದು ಕನ್ನಡದಲ್ಲಿ ಬರೆಸಿಕೊಳ್ಳಿ.

ನೋವಿನ ಮಾತ್ರೆಯ ವಿಷಯದಲ್ಲಿ ಮುಖ್ಯವಾದದ್ದು ಹೊತ್ತು. ಮೈಗ್ರೇನ್ ಶುರುವಾದಾಗ ಜಠರದ ಚಲನೆ ನಿಧಾನವಾಗುವುದರಿಂದ, ನೋವು ಏರಿದ ಮೇಲೆ ನುಂಗಿದ ಮಾತ್ರೆ ಹೊಟ್ಟೆಯಲ್ಲೇ ಕುಳಿತು ಕೊನೆಗೆ ವಾಂತಿಯಲ್ಲಿ ಹೊರಬರುತ್ತದೆ. "ತಡೆದುಕೊಳ್ಳಲು ಆಗದಿದ್ದರೆ ಮಾತ್ರ ನುಂಗೋಣ" ಎಂದು ಎರಡು ಗಂಟೆ ಹಲ್ಲು ಕಚ್ಚಿ ಕುಳಿತು, ಆಮೇಲೆ ಮಾತ್ರೆಯೇ ಸರಿಯಿಲ್ಲವೆನ್ನುವುದು ನಮ್ಮಲ್ಲಿ ಬಹಳ ಸಾಮಾನ್ಯವಾದ ತಪ್ಪು. ನೋವು ಇನ್ನೂ ಸಣ್ಣದಾಗಿರುವಾಗಲೇ ಪೂರ್ಣ ಪ್ರಮಾಣವನ್ನು ತೆಗೆದುಕೊಳ್ಳಬೇಕು. ಅರ್ಧ ಮುರಿದು ನುಂಗಿ, ಕಡಿಮೆಯಾಗದಿದ್ದರೆ ಇನ್ನರ್ಧ ಎಂಬ ಜಾಣತನ ಇಲ್ಲಿ ನಡೆಯುವುದಿಲ್ಲ.

ಸೌಮ್ಯವಾದ ನೋವಿಗೆ ವೈದ್ಯರು ಪ್ಯಾರಸಿಟಮಾಲ್ 1000 ಮಿ.ಗ್ರಾಂ. ಅಥವಾ ನಾಪ್ರೊಕ್ಸೆನ್ 500 ಮಿ.ಗ್ರಾಂ. ಬರೆಯುತ್ತಾರೆ. ನಾಪ್ರೊಕ್ಸೆನ್ ಜೊತೆಗೆ ವಾಂತಿ ತಡೆಯುವ ಡೊಂಪೆರಿಡೋನ್ 10 ಮಿ.ಗ್ರಾಂ. ಸೇರಿರುವ ಮಾತ್ರೆ ನಮ್ಮಲ್ಲಿ ಧಾರಾಳವಾಗಿ ಬಳಕೆಯಲ್ಲಿದೆ. ಆ ಎರಡನೆಯ ಔಷಧ ಜಠರವನ್ನು ಚಲಿಸುವಂತೆ ಮಾಡಿ ಮೊದಲನೆಯದು ಒಳಗೆ ಹೋಗಲು ದಾರಿ ಮಾಡಿಕೊಡುತ್ತದೆ. ನಾಪ್ರೊಕ್ಸೆನ್ ಅನ್ನು ಖಾಲಿ ಹೊಟ್ಟೆಯಲ್ಲಿ ನುಂಗಬಾರದು. ಊಟ ಸೇರದಿದ್ದರೆ ನಾಲ್ಕು ತುತ್ತು ಮೊಸರನ್ನವಾದರೂ ಸಾಕು. ಪ್ಯಾರಸಿಟಮಾಲ್ ದಿನಕ್ಕೆ ಒಟ್ಟು 4 ಗ್ರಾಂ ದಾಟಬಾರದು, ಮತ್ತು ಆ ಲೆಕ್ಕದಲ್ಲಿ ಬೆಳಗ್ಗೆ ಮೈಕೈ ನೋವಿಗೆಂದು ನುಂಗಿದ ಡೋಲೊ 650 ಕೂಡ ಸೇರುತ್ತದೆ ಎಂಬುದನ್ನು ಹೆಚ್ಚಿನವರು ಮರೆಯುತ್ತಾರೆ.

ಇಷ್ಟಕ್ಕೆ ಬಗ್ಗದ ನೋವಿಗೆ ಟ್ರಿಪ್ಟಾನ್‌ಗಳಿವೆ. ಇವು ನೋವಿನ ಮಾತ್ರೆಗಳ ದೊಡ್ಡಣ್ಣನಲ್ಲ, ಬೇರೆಯೇ ವಂಶ. ಸೆರೊಟೋನಿನ್ ಎಂಬ ನರವಾಹಕ ರಾಸಾಯನಿಕದ ಕೆಲವು ಗ್ರಾಹಕಗಳನ್ನು ಹಿಡಿದು ಮೈಗ್ರೇನ್ ನಡೆಯುವ ದಾರಿಯಲ್ಲೇ ಅಡ್ಡ ನಿಲ್ಲುತ್ತವೆ, ಆದ್ದರಿಂದ ಮಂಡಿನೋವಿಗೆ ಇವುಗಳಿಂದ ಏನೂ ಪ್ರಯೋಜನವಿಲ್ಲ. ಇಲ್ಲಿ ಹೆಚ್ಚಾಗಿ ಬರೆಯುವುದು ಸುಮಾಟ್ರಿಪ್ಟಾನ್ 50 ಅಥವಾ 100 ಮಿ.ಗ್ರಾಂ. ಮತ್ತು ರೈಜಾಟ್ರಿಪ್ಟಾನ್ 5 ಅಥವಾ 10 ಮಿ.ಗ್ರಾಂ. ನಾಲಿಗೆಯ ಮೇಲಿಟ್ಟರೆ ಕರಗುವ ರೈಜಾಟ್ರಿಪ್ಟಾನ್ ಹೆಚ್ಚು ವೇಗವಾಗಿ ಕೆಲಸ ಮಾಡುವುದಿಲ್ಲ, ಆದರೆ ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ಬಸ್ಸು ನಿಂತಾಗ ನೀರಿಲ್ಲದೆ ತೆಗೆದುಕೊಳ್ಳಬಹುದು ಎಂಬುದೇ ದೊಡ್ಡ ಉಪಕಾರ. ಆರಾ ಇರುವವರು ಟ್ರಿಪ್ಟಾನ್ ಅನ್ನು ಮಿನುಗು ಕಂಡ ತಕ್ಷಣವಲ್ಲ, ನೋವು ಶುರುವಾದ ತಕ್ಷಣ ತೆಗೆದುಕೊಳ್ಳಬೇಕು.

ಎರಡನೆಯ ಮಾತ್ರೆಯ ನಿಯಮ ಹೀಗಿದೆ: ಮೊದಲನೆಯದರಿಂದ ನೋವು ಹೋಗಿ ಮತ್ತೆ ಬಂದರೆ, ಕನಿಷ್ಠ 2 ಗಂಟೆ ಕಳೆದ ಮೇಲೆ ಇನ್ನೊಂದು ತೆಗೆದುಕೊಳ್ಳಬಹುದು. ಮೊದಲನೆಯದು ಕಿಂಚಿತ್ತೂ ಕೆಲಸ ಮಾಡದಿದ್ದರೆ ಅದೇ ದಾಳಿಗೆ ಅದೇ ಟ್ರಿಪ್ಟಾನ್ ಮತ್ತೆ ನುಂಗುವುದು ಸಾಮಾನ್ಯವಾಗಿ ವ್ಯರ್ಥ. 24 ಗಂಟೆಯಲ್ಲಿ ಸುಮಾಟ್ರಿಪ್ಟಾನ್ ಮಾತ್ರೆ 200 ಮಿ.ಗ್ರಾಂ., ರೈಜಾಟ್ರಿಪ್ಟಾನ್ 30 ಮಿ.ಗ್ರಾಂ. ಮೀರಬಾರದು. ಪ್ರೊಪ್ರಾನೊಲಾಲ್ ತೆಗೆದುಕೊಳ್ಳುತ್ತಿರುವವರಿಗೆ ರೈಜಾಟ್ರಿಪ್ಟಾನ್ ರಕ್ತದಲ್ಲಿ ಹೆಚ್ಚು ಉಳಿಯುವುದರಿಂದ 5 ಮಿ.ಗ್ರಾಂ. ಮಾತ್ರ ಕೊಡುತ್ತಾರೆ, ಇಬ್ಬರು ವೈದ್ಯರು ಬೇರೆ ಬೇರೆ ಚೀಟಿ ಬರೆದಾಗ ಈ ವಿಷಯ ತಪ್ಪಿಹೋಗುವುದೇ ಹೆಚ್ಚು. ಹೃದಯಾಘಾತ, ಎದೆಶೂಲೆ ಅಥವಾ ಪಾರ್ಶ್ವವಾಯು ಆದವರು, ಹತೋಟಿಗೆ ಬಾರದ ರಕ್ತದೊತ್ತಡ ಇರುವವರು ಟ್ರಿಪ್ಟಾನ್ ಮುಟ್ಟಬಾರದು. ಉಳಿದವರಿಗೆ ಕತ್ತು, ದವಡೆ, ಎದೆಯ ಭಾಗದಲ್ಲಿ ಸ್ವಲ್ಪ ಹೊತ್ತು ಬಿಗಿದಂತಾಗಬಹುದು. ಮೊದಲ ಸಲ ಅದು ಹೆದರಿಸುತ್ತದೆ. ವೈದ್ಯರಿಗೆ ತಿಳಿಸಿ, ಬಿಗಿತ ಹೋಗದಿದ್ದರೆ ಆಸ್ಪತ್ರೆಗೆ ಹೋಗಿ.

ಇನ್ನು ಎರ್ಗೊಟಮಿನ್, ಕೆಫೀನ್, ಪ್ಯಾರಸಿಟಮಾಲ್‌ಗಳನ್ನು ಬೆರೆಸಿದ ಹಳೆಯ ಕಾಲದ ಮಾತ್ರೆ. ಇದು ಅಗ್ಗ, ಮೆಡಿಕಲ್ ಶಾಪಿನವರ ಬಾಯಲ್ಲಿ ಮೊದಲು ಬರುವ ಹೆಸರೂ ಇದರದೇ. ಕೆಲವರಿಗೆ ಚೆನ್ನಾಗಿ ಒಗ್ಗುತ್ತದೆಂಬುದು ನಿಜ. ಆದರೆ ಎರ್ಗೊಟಮಿನ್ ರಕ್ತನಾಳಗಳನ್ನು ಬಿಗಿಹಿಡಿಯುವ ಔಷಧ: ಗರ್ಭಿಣಿಯರಿಗೆ, ಹೃದ್ರೋಗಿಗಳಿಗೆ ನಿಷಿದ್ಧ, ಟ್ರಿಪ್ಟಾನ್ ತೆಗೆದುಕೊಂಡ 24 ಗಂಟೆಯೊಳಗೆ ನಿಷಿದ್ಧ, ಗಂಟಲು ನೋವಿಗೆ ಕೊಡುವ ಕ್ಲಾರಿಥ್ರೊಮೈಸಿನ್, ಎರಿಥ್ರೊಮೈಸಿನ್‌ನಂಥ ಆಂಟಿಬಯಾಟಿಕ್ ಜೊತೆ ಸೇರಿದರೆ ಬೆರಳುಗಳಿಗೆ ರಕ್ತ ಹರಿಯುವುದೇ ನಿಂತುಹೋಗುವಷ್ಟು ಅಪಾಯಕಾರಿ. ಇದನ್ನು ಚೀಟಿಯಿಲ್ಲದೆ ಕೇಳಿ ಪಡೆಯುವುದು ನನ್ನ ದೃಷ್ಟಿಯಲ್ಲಿ ಇಡೀ ವಿಷಯದ ಅತಿ ದೊಡ್ಡ ಅವಿವೇಕ.

ಒಂದು ಮಾತ್ರೆ ನಿಮಗೆ ಆಗುತ್ತದೋ ಇಲ್ಲವೋ ಎಂಬುದನ್ನು ಒಂದೇ ದಾಳಿಯಿಂದ ತೀರ್ಮಾನಿಸಬೇಡಿ. ಹೊತ್ತಿಗೆ ಸರಿಯಾಗಿ ತೆಗೆದುಕೊಂಡು ಮೂರು ದಾಳಿಗಳಲ್ಲಿ ನೋಡಿ. ಎರಡು ಗಂಟೆಯೊಳಗೆ ನೀವು ಮತ್ತೆ ಕೆಲಸಕ್ಕೆ ಕೂರುವಂತಾಯಿತೇ ಎಂದು ಕ್ಯಾಲೆಂಡರಿನಲ್ಲಿ ಬರೆದಿಡಿ.

ತಿಂಗಳಿಗೆ ಎಷ್ಟು ದಿನ?

"ತಿಂಗಳಿಗೆ ಎಷ್ಟು ದಿನ ಮಾತ್ರೆ ತೊಗೊಳ್ತೀರಮ್ಮ?" ಎಂದು ವೈದ್ಯೆ ಕೇಳಿದಾಗ ನಾನು, "ಯಾವಾಗಲೋ ಒಂದೊಂದು ದಿನ ಮೇಡಂ" ಎಂದಿದ್ದೆ. ಸುಳ್ಳು ಹೇಳುವ ಉದ್ದೇಶವಿರಲಿಲ್ಲ, ಹಾಗೆಂದೇ ನಂಬಿದ್ದೆ. ಅವರು ಬೇರೇನೂ ಬರೆಯದೆ ಒಂದು ತಿಂಗಳು ಗುರುತು ಹಾಕಿಕೊಂಡು ಬನ್ನಿ ಎಂದರು. ತಿಂಗಳ ಕೊನೆಗೆ ಎಣಿಸಿದರೆ 'ಮಾ' ಇದ್ದ ಚೌಕಗಳು 19.

ತಲೆನೋವಿನ ಮಾತ್ರೆಯೇ ತಲೆನೋವು ತರಬಲ್ಲದು ಎಂಬುದನ್ನು ಮೈಗ್ರೇನ್ ಇರುವವರು ಒಪ್ಪಿಕೊಳ್ಳುವುದು ಕಷ್ಟ, ನನಗೂ ಕಷ್ಟವಾಯಿತು. ಟ್ರಿಪ್ಟಾನ್, ಎರ್ಗೊಟಮಿನ್, ಕೆಫೀನ್ ಬೆರೆತ ಮಿಶ್ರಣ ಮಾತ್ರೆ ಮತ್ತು ಟ್ರಮಡಾಲ್‌ನಂಥ ಅಫೀಮು ಜಾತಿಯ ನೋವಿನ ಮಾತ್ರೆಗಳು ತಿಂಗಳಿಗೆ 10 ದಿನ ಅಥವಾ ಅದಕ್ಕಿಂತ ಹೆಚ್ಚು, ಬರೀ ಪ್ಯಾರಸಿಟಮಾಲ್ ಅಥವಾ ನಾಪ್ರೊಕ್ಸೆನ್ ಆದರೆ 15 ದಿನ ಅಥವಾ ಅದಕ್ಕಿಂತ ಹೆಚ್ಚು, ಹೀಗೆ ಮೂರು ತಿಂಗಳು ದಾಟಿ ನಡೆದರೆ, ಮಿದುಳು ನೋವಿಗೆ ಇನ್ನಷ್ಟು ಸುಲಭವಾಗಿ ಕೆರಳುವಂತಾಗಿ ಬಹುತೇಕ ದಿನವೂ ತಲೆ ಸಿಡಿಯತೊಡಗುತ್ತದೆ. ಇಲ್ಲಿ ಎಣಿಸಬೇಕಾದದ್ದು ದಿನಗಳನ್ನು. ಒಂದೇ ದಿನ ಎರಡು ಮಾತ್ರೆ ನುಂಗಿದರೂ ಅದು ಒಂದು ದಿನವೇ. ವಾರಕ್ಕೆ ಎರಡು ದಿನಕ್ಕಿಂತ ಹೆಚ್ಚು ನೋವಿನ ಮಾತ್ರೆ ಬೇಡ ಎಂಬ ಮಿತಿಯನ್ನು ಹಾಕಿಕೊಂಡರೆ ಈ ಗಡಿಯ ಒಳಗೇ ಉಳಿಯಬಹುದು. ಈಗಾಗಲೇ ಗಡಿ ದಾಟಿದವರು ವೈದ್ಯರ ನೆರವಿನಿಂದ ಅದನ್ನು ನಿಲ್ಲಿಸಬೇಕು. ನಿಲ್ಲಿಸಿದ ಮೊದಲ ಒಂದೆರಡು ವಾರ ನೋವು ಹೆಚ್ಚೇ ಆಗುತ್ತದೆ. ಹಬ್ಬ, ಮದುವೆ, ಕಚೇರಿಯ ವರ್ಷಾಂತ್ಯದ ಕೆಲಸ ಇಲ್ಲದ ವಾರವನ್ನು ಅದಕ್ಕಾಗಿ ಆರಿಸಿಕೊಳ್ಳಿ.

ದಿನವೂ ತೆಗೆದುಕೊಳ್ಳುವ ಮಾತ್ರೆ

ಕ್ಯಾಲೆಂಡರಿನಲ್ಲಿ ತಿಂಗಳಿಗೆ ನಾಲ್ಕು ಅಥವಾ ಹೆಚ್ಚು ದಿನ 'ನೋ' ಕಂಡರೆ, ಅಥವಾ ಬರುವ ಎರಡು ದಾಳಿಯೂ ಹಾಸಿಗೆ ಹಿಡಿಸುವಂತಿದ್ದರೆ, ತಡೆಯುವ ಔಷಧದ ಬಗ್ಗೆ ವೈದ್ಯರೊಡನೆ ಮಾತನಾಡಿ. ಈ ಗುಂಪಿನ ಹಳೆಯ ಔಷಧಗಳಲ್ಲಿ ಹೆಚ್ಚಿನವು ಬೇರೆ ಕಾಯಿಲೆಗೆಂದು ಬಂದು, ಮೈಗ್ರೇನ್‌ಗೂ ಆಗುತ್ತದೆ ಎಂದು ಗೊತ್ತಾದವು. ಪ್ರೊಪ್ರಾನೊಲಾಲ್ ಹೃದ್ರೋಗದ್ದು, ಅಮಿಟ್ರಿಪ್ಟಿಲಿನ್ ಖಿನ್ನತೆಯದು, ಟೊಪಿರಮೇಟ್ ಮೂರ್ಛೆರೋಗದ್ದು. ರಾತ್ರಿ ಮೊಬೈಲಿನಲ್ಲಿ ಮಾತ್ರೆಯ ಹೆಸರು ಹುಡುಕಿ, "ನನಗೆ ಡಿಪ್ರೆಶನ್ ಮಾತ್ರೆ ಬರೆದಿದ್ದಾರೆ" ಎಂದು ಗಾಬರಿಯಾಗಿ ಮರುದಿನವೇ ನಿಲ್ಲಿಸುವವರಿಗಾಗಿ ಇಷ್ಟು ಹೇಳಬೇಕಾಯಿತು. ಖಿನ್ನತೆಗೆ ಕೊಡುವುದಕ್ಕಿಂತ ಬಹಳ ಕಡಿಮೆ, 10 ಮಿ.ಗ್ರಾಂ.ನಿಂದ, ಅಮಿಟ್ರಿಪ್ಟಿಲಿನ್ ಶುರುಮಾಡುತ್ತಾರೆ.

ಯಾರಿಗೆ ಯಾವುದು ಎಂಬುದು ಬಹುಮಟ್ಟಿಗೆ ಅಡ್ಡಪರಿಣಾಮಗಳ ಮೇಲೆ ನಿಂತಿದೆ. ಆಸ್ತಮಾ ಇರುವವರಿಗೆ ಪ್ರೊಪ್ರಾನೊಲಾಲ್ ಕೂಡದು. ನಿದ್ದೆ ಬಾರದವರಿಗೆ ಅಮಿಟ್ರಿಪ್ಟಿಲಿನ್ ಒಳ್ಳೆಯದೇ, ಆದರೆ ಬಾಯಿ ಒಣಗಿ ಬೆಳಗ್ಗೆ ಮಂಪರು ಉಳಿಯುತ್ತದೆ. ಎಂಟಕ್ಕೆಲ್ಲ ಔಟರ್ ರಿಂಗ್ ರೋಡಿನಲ್ಲಿ ಸ್ಕೂಟರ್ ಓಡಿಸಬೇಕಾದವರು ಅದನ್ನು ಮಲಗುವ ಹೊತ್ತಿಗಲ್ಲ, ರಾತ್ರಿ ಊಟದ ಹೊತ್ತಿಗೇ ತೆಗೆದುಕೊಳ್ಳಬಹುದೇ ಎಂದು ಕೇಳಿನೋಡಬೇಕು. ನಮ್ಮಲ್ಲಿ ಬಹಳ ಬರೆಯುವ ಫ್ಲುನರಿಜಿನ್ (ರಾತ್ರಿ 5 ಅಥವಾ 10 ಮಿ.ಗ್ರಾಂ.) ತೂಕ ಹೆಚ್ಚಿಸುತ್ತದೆ, ಕೆಲವರ ಮನಸ್ಸನ್ನು ಕುಗ್ಗಿಸುತ್ತದೆ, ವಯಸ್ಸಾದವರಿಗೆ ಕೈನಡುಕ ತರಬಹುದು, ಆದ್ದರಿಂದ ವರ್ಷಗಟ್ಟಲೆ ಅದೇ ಚೀಟಿ ತೋರಿಸಿ ಕೊಳ್ಳುತ್ತಾ ಹೋಗಬಾರದು. ಟೊಪಿರಮೇಟ್ ತೂಕ ಇಳಿಸುತ್ತದೆ, ಬೆರಳ ತುದಿಗಳಲ್ಲಿ ಜುಮುಜುಮು ತರುತ್ತದೆ, ಮಾತಾಡುವಾಗ ಬೇಕಾದ ಪದವೇ ಸಿಗದಂತೆ ಮಾಡುತ್ತದೆ. ನಮ್ಮ ಪರಿಚಯದ ಶಿಕ್ಷಕಿಯೊಬ್ಬರು ತರಗತಿಯಲ್ಲಿ 'ಸೀಮೆಸುಣ್ಣ' ಎಂಬ ಪದ ಹೊಳೆಯದೆ ಕೈಯಲ್ಲಿ ಅದನ್ನೇ ಹಿಡಿದು ನಿಂತಿದ್ದರಂತೆ. ಗರ್ಭದಲ್ಲಿರುವ ಮಗುವಿಗೆ ಟೊಪಿರಮೇಟ್ ಮತ್ತು ವಾಲ್ಪ್ರೊಯೇಟ್ (ಇದೂ ಮೂರ್ಛೆರೋಗದ ಔಷಧವೇ) ಎರಡೂ ಹಾನಿಕರ. ಮಕ್ಕಳಾಗುವ ವಯಸ್ಸಿನ ಮಹಿಳೆಯರು ಈ ಹೆಸರುಗಳು ಚೀಟಿಯಲ್ಲಿ ಕಂಡರೆ ಸಂಕೋಚಪಡದೆ ಕೇಳಬೇಕು. ಮುಟ್ಟಿನ ದಿನಗಳಲ್ಲಷ್ಟೇ ನೋವು ಬರುವವರಿಗೆ ತಿಂಗಳಿಡೀ ಔಷಧ ಬೇಕಾಗದೆ, ಎರಡು ದಿನ ಮುಂಚಿನಿಂದ ಐದಾರು ದಿನ ನಾಪ್ರೊಕ್ಸೆನ್ ಕೊಡುವ ಪದ್ಧತಿಯೂ ಇದೆ.

ಈ ಯಾವ ಮಾತ್ರೆಯೂ ವಾರದಲ್ಲಿ ಫಲ ಕೊಡುವುದಿಲ್ಲ. ಪ್ರಮಾಣವನ್ನು ಮೆಲ್ಲಗೆ ಏರಿಸಿ, ಸರಿಯಾದ ಪ್ರಮಾಣಕ್ಕೆ ಬಂದ ಮೇಲೆ ಎರಡು ತಿಂಗಳಾದರೂ ಕಾಯಬೇಕು. ನೋವು ಸಂಪೂರ್ಣ ಮಾಯವಾಗುವುದನ್ನು ನಿರೀಕ್ಷಿಸಬೇಡಿ. 'ನೋ' ಚೌಕಗಳು ಅರ್ಧಕ್ಕೆ ಇಳಿದರೆ ಔಷಧ ಗೆದ್ದಿತೆಂದೇ ಲೆಕ್ಕ.

ಮೈಗ್ರೇನ್ ಬಾರದಂತೆ ತಡೆಯಲೆಂದೇ ಹುಟ್ಟಿದ ಈ ಬಗೆಯ ಔಷಧಗಳು ಬಂದದ್ದು ಈಚೆಗೆ. ಮೈಗ್ರೇನ್‌ನಲ್ಲಿ ಸಿಜಿಆರ್‌ಪಿ ಎಂಬ ಪ್ರೋಟೀನಿನ ಪಾತ್ರವನ್ನು ಕಂಡುಹಿಡಿದ ನಾಲ್ವರು ವಿಜ್ಞಾನಿಗಳಿಗೆ, ಮಿದುಳಿನ ಸಂಶೋಧನೆಗೆ ಕೊಡುವ ಬ್ರೇನ್ ಪ್ರೈಜ್ 2021ರಲ್ಲಿ ಸಂದಿತು. ಆ ದಾರಿಯನ್ನು ತಡೆಯುವ ಎರೆನುಮಾಬ್ ಎಂಬ ಚುಚ್ಚುಮದ್ದನ್ನು ತಿಂಗಳಿಗೊಮ್ಮೆ ಚರ್ಮದಡಿ ಕೊಡುತ್ತಾರೆ. ತಿಂಗಳಿಗೆ 15 ಅಥವಾ ಹೆಚ್ಚು ದಿನ ತಲೆನೋವು ಬರುವ ದೀರ್ಘಕಾಲದ ಮೈಗ್ರೇನ್‌ಗೆ ಬೊಟಾಕ್ಸ್ ಕೂಡ ಇದೆ, ಅದನ್ನು 12 ವಾರಗಳಿಗೊಮ್ಮೆ ತಲೆ ಮತ್ತು ಕತ್ತಿನ 31 ಕಡೆ ಚುಚ್ಚುತ್ತಾರೆ. ಎರಡೂ ದುಬಾರಿ, ಹಳೆಯ ಮಾತ್ರೆಗಳು ಸೋತ ಮೇಲಿನ ಮಾತು.

ಕೊಳ್ಳುವುದು, ಇಟ್ಟುಕೊಳ್ಳುವುದು, ನಿಲ್ಲಿಸುವುದು

ಸ್ಟ್ರಿಪ್‌ನ ಮೇಲೆ ಕೆಂಪು ಗೆರೆ ಇದ್ದರೆ ಅದು ಚೀಟಿಯ ಮೇಲಷ್ಟೇ ಮಾರಬೇಕಾದ ಔಷಧ. ಬ್ರ್ಯಾಂಡಿನ ಹೆಸರಿಗಿಂತ ಅದರ ಕೆಳಗೆ ಸಣ್ಣಕ್ಷರದಲ್ಲಿರುವ ಔಷಧದ ಹೆಸರನ್ನು ನೆನಪಿಟ್ಟುಕೊಂಡರೆ ಜನೌಷಧಿ ಕೇಂದ್ರದಲ್ಲಿ ಕೇಳಬಹುದು. ಪ್ರೊಪ್ರಾನೊಲಾಲ್, ಅಮಿಟ್ರಿಪ್ಟಿಲಿನ್‌ನಂಥ ಹಳೆಯ ಔಷಧಗಳು ಬ್ರ್ಯಾಂಡಿಲ್ಲದೆ ಕಡಿಮೆ ಬೆಲೆಗೆ ಸಿಗುತ್ತವೆ. ತುಂಡು ಮಾಡಿ ಕೊಡುವುದಾದರೆ ಹೆಸರು ಮತ್ತು ಅವಧಿ ಇರುವ ಕಡೆಯಿಂದ ಕತ್ತರಿಸಲು ಹೇಳಿ, ಇಲ್ಲವೇ ಅಂಗಡಿಯಲ್ಲೇ ಇಡೀ ಸ್ಟ್ರಿಪ್‌ನ ಫೋಟೋ ತೆಗೆದುಕೊಳ್ಳಿ. ನೋವಿನ ಮಾತ್ರೆ ಎರಡು ಕೈಚೀಲದಲ್ಲಿ, ಎರಡು ಕಚೇರಿಯ ಡ್ರಾಯರಿನಲ್ಲಿ ಇರಲಿ. ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಏಪ್ರಿಲ್ ಬಿಸಿಲಿಗೆ ಬೇಯುವಂತೆ ಇಡಬಾರದು.

ದಿನದ ಮಾತ್ರೆ ಒಗ್ಗಿದರೆ ಸಾಮಾನ್ಯವಾಗಿ ಆರು ತಿಂಗಳಿಂದ ಒಂದು ವರ್ಷ ಮುಂದುವರಿಸಿ, ಆಮೇಲೆ ಇಳಿಸುತ್ತಾರೆ. ಚೆನ್ನಾಗಿದ್ದೇನೆಂದು ನೀವೇ ಒಂದು ದಿನ ನಿಲ್ಲಿಸಬೇಡಿ. ಪ್ರೊಪ್ರಾನೊಲಾಲ್ ಥಟ್ಟನೆ ನಿಂತರೆ ಎದೆಬಡಿತ ಮತ್ತು ರಕ್ತದೊತ್ತಡ ಒಮ್ಮೆಲೇ ಏರಬಹುದು. ನನ್ನದನ್ನು ಬೆಳಗ್ಗೆ ಸಂಜೆ ಎರಡರಿಂದ ಒಂದಕ್ಕೆ, ಒಂದರಿಂದ ಅರ್ಧಕ್ಕೆ ಇಳಿಸಲು ಆರು ವಾರ ಹಿಡಿಯಿತು, ಆ ಆರು ವಾರವೂ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕ ಬರೆದುಕೊಂಡೇ ಇಳಿಸಿದೆ.